ಒಗಟಿನ ಆಟ, ಗಣಕದ ಪಾಠ: ಮೌಸ್ ಯಾರ ಕೈಯಲ್ಲಿದೆ?

ಕೆಜಿಎಫ್/ಬಂಗಾರಪೇಟೆ: ಕೋಲಾರ ಚಿನ್ನದ ಗಣಿ ಪ್ರದೇಶದ ಜನ 2001ರ ಫೆಬ್ರವರಿ 28ನೇ ದಿನಾಂಕವನ್ನು ಮರೆಯಲಾರರು. ಕೇಂದ್ರ ಸರ್ಕಾರದ ಒಡೆತನದ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಬಾಗಿಲು ಮುಚ್ಚಿದ್ದು ಅಂದೇ. ಜಾನ್ ಟೇಲರ್ ಕಂಪನಿ 1880ರಲ್ಲಿ ಇಲ್ಲಿಗೆ ಬಂದಂದಿನಿಂದ ತಲೆಮಾರುಗಳಿಗೆ ಅನ್ನವಿಟ್ಟ ಗಣಿ ನಿಂತುಹೋದಾಗ ಚಾಂಪಿಯನ್ ರೀಫ್, ಊರ್ಗಾಂ, ಮಾರಿಕುಪ್ಪಂಗಳ ಕಾರ್ಮಿಕ ಕುಟುಂಬಗಳ ಮುಂದೆ ಒಂದೇ ಪ್ರಶ್ನೆ ಉಳಿಯಿತು. ಅಪ್ಪನ ಕೆಲಸ ಮಗನಿಗೆ ಸಿಗದು ಎಂದಾದ ಮೇಲೆ ಮಗ ಏನು ಕಲಿಯಬೇಕು?

ಮಾರಿಕುಪ್ಪಂನಿಂದ ಬಂಗಾರಪೇಟೆ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ಬೆಳಗಿನ ರೈಲು ಅದಕ್ಕೆ ಸಿಕ್ಕ ಒಂದು ಉತ್ತರ. ಬೆಳಕು ಹರಿಯುವ ಮುನ್ನ ಹೊರಟು ಕತ್ತಲಾದ ಮೇಲೆ ಮರಳುವ ಸಾವಿರಾರು ದುಡಿಯುವ ಕೈಗಳು ಇಂದಿಗೂ ಆ ರೈಲುಗಳನ್ನೇ ನಂಬಿವೆ. ‘ಕಂಪ್ಯೂಟರ್ ಕಲಿ’ ಎಂಬ ಉಪದೇಶ ಮತ್ತೊಂದು ಉತ್ತರ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯಮ ಬೆಳೆಯುತ್ತಿದ್ದ ಆ ದಿನಗಳಲ್ಲಿ ಗಣಕಯಂತ್ರ ಎಂದರೆ ನೌಕರಿ ಎಂಬ ಭಾವನೆ ಮನೆಮನೆಗೂ ಹಬ್ಬಿತ್ತು.

ಅದೇ 2001ರಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಗಣಕಯಂತ್ರಗಳು ದೊಡ್ಡ ಪ್ರಮಾಣದಲ್ಲಿ ಬರತೊಡಗಿದವು. ಪ್ರೌಢಶಾಲೆಗಳಿಗೆ ‘ಮಾಹಿತಿ ಸಿಂಧು’ ಯೋಜನೆ ಬಂತು. ಪ್ರಾಥಮಿಕ ಶಾಲೆಗಳಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ಸಹಯೋಗದಲ್ಲಿ ಗಣಕ ಆಧಾರಿತ ಕಲಿಕೆ ಬಂತು. ಮಾಹಿತಿ ಸಿಂಧುವಿನಲ್ಲಿ ಗಣಕವೇ ಒಂದು ಪಾಠವಾಗಿದ್ದರೆ, ಪ್ರಾಥಮಿಕ ಶಾಲೆಯ ಮಕ್ಕಳು ಪರದೆಯ ಮೇಲೆ ಮೊದಲು ಕಂಡದ್ದು ಕಥೆ, ರಸಪ್ರಶ್ನೆ, ಒಗಟು ಮತ್ತು ಆಟಗಳನ್ನು.

ಆಟದಿಂದ ಪಾಠ ಬರುತ್ತದೆಯೇ? ಬರುವುದಾದರೆ ಯಾವ ಆಟದಿಂದ, ಯಾವಾಗ? ಈ ಪ್ರಶ್ನೆಗೆ ಜಗತ್ತು ಐದು ದಶಕಗಳಿಗೂ ಹೆಚ್ಚು ಕಾಲ ಉತ್ತರ ಹುಡುಕಿದೆ. ಆ ಉತ್ತರದ ಒಂದು ಮುಖ್ಯ ಭಾಗ ಬೆಂಗಳೂರಿನ ಸುತ್ತಲಿನ ಹಳ್ಳಿ ಶಾಲೆಗಳಲ್ಲೇ ದೊರಕಿತು. ಮಗುವಿನ ಕೈಗೆ ಮೊಬೈಲ್ ಕೊಟ್ಟು ‘ಕಲಿಕೆಯ ಆಪ್’ ತೆರೆದುಕೊಡುವ ಇಂದಿನ ಪೋಷಕರಿಗೂ ಅದು ತಿಳಿದಿರಬೇಕಾದ ಸಂಗತಿ.

ಅಭ್ಯಾಸದ ಆಟ ಬೇರೆ, ಒಗಟಿನ ಆಟ ಬೇರೆ

ಮಕ್ಕಳಿಗಾಗಿ ಬಂದ ಗಣಕ ಆಟಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಮೊದಲನೆಯದು ಅಭ್ಯಾಸದ ಆಟ. ಪರದೆಯ ಮೇಲೆ 7x8 ಎಂದು ಬರುತ್ತದೆ. ಮಗು 56 ಎಂದು ಒತ್ತಿದರೆ ಚಪ್ಪಾಳೆ, ತಪ್ಪಾದರೆ ಮತ್ತೊಂದು ಲೆಕ್ಕ. ಅಮೆರಿಕದಲ್ಲಿ 1983ರಲ್ಲಿ ಬಂದ ‘ಮ್ಯಾಥ್ ಬ್ಲಾಸ್ಟರ್’, 1986ರ ‘ನಂಬರ್ ಮಂಚರ್ಸ್’ ಈ ಬಗೆಯ ಪ್ರಸಿದ್ಧ ಉದಾಹರಣೆಗಳು. ಮಗ್ಗಿ ಬಾಯಿಪಾಠವಾಗಲು ಇವು ನೆರವಾಗುತ್ತವೆ. ಆದರೆ ಆಟ ಮತ್ತು ಪಾಠ ಇಲ್ಲಿ ಬೆರೆತಿರುವುದಿಲ್ಲ. ಕಹಿ ಮಾತ್ರೆಗೆ ಸಕ್ಕರೆಯ ಲೇಪ ಹಚ್ಚಿದಂತೆ ಲೆಕ್ಕದ ಮೇಲೆ ಆಟದ ಹೊದಿಕೆ ಇರುತ್ತದೆ.

ಎರಡನೆಯದು ಒಗಟಿನ ಆಟ. ಇಲ್ಲಿ ನಿಯಮವನ್ನು ಯಾರೂ ಹೇಳಿಕೊಡುವುದಿಲ್ಲ. ಮಗು ಒಂದು ಪ್ರಯತ್ನ ಮಾಡುತ್ತದೆ, ಫಲ ನೋಡುತ್ತದೆ, ಊಹಿಸುತ್ತದೆ, ಊಹೆಯನ್ನು ಪರೀಕ್ಷಿಸುತ್ತದೆ. ನಿಯಮವನ್ನು ಕಂಡುಹಿಡಿಯುವುದೇ ಆಟ, ಅದೇ ಪಾಠ. ‘ನೋಡಿ ತಿಳಿ, ಮಾಡಿ ಕಲಿ’ ಎಂಬ ಗಾದೆಯಲ್ಲಿ ಅಡಗಿರುವುದು ಇದೇ ತತ್ವ. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಆಡುವ ಆಡು ಹುಲಿ ಆಟ, ಅಳಗುಳಿಮಣೆ, ಚೌಕಾಬಾರಗಳನ್ನು ಬಲ್ಲ ನಾಡಿಗೆ ಇದು ಹೊಸದೇನಲ್ಲ. ಹುಲಿಯನ್ನು ಕಟ್ಟಿಹಾಕಲು ಎರಡು ನಡೆ ಮುಂದಾಗಿ ಯೋಚಿಸುವ ಮಗು ತರ್ಕವನ್ನು ಅಭ್ಯಾಸ ಮಾಡುತ್ತಿರುತ್ತದೆ, ತರ್ಕ ಎಂಬ ಪದವನ್ನು ಕೇಳಿರದಿದ್ದರೂ.

ಆಮೆ ಕಲಿಸಿದ ರೇಖಾಗಣಿತ

ಗಣಕದ ಮೂಲಕ ಮಕ್ಕಳ ಕಲಿಕೆ ಎಂದೊಡನೆ ಮೊದಲು ನೆನಪಾಗುವುದು ‘ಲೋಗೋ’. 1967ರಲ್ಲಿ ವಾಲಿ ಫ್ಯೂರ್ಜಿಗ್, ಸೆಮೋರ್ ಪೇಪರ್ಟ್ ಮತ್ತು ಸಿಂಥಿಯಾ ಸಾಲೊಮನ್ ಅಮೆರಿಕದಲ್ಲಿ ರೂಪಿಸಿದ ಗಣಕ ಭಾಷೆ ಇದು. ಪರದೆಯ ಮೇಲೆ ಒಂದು ಆಮೆ. ‘100 ಹೆಜ್ಜೆ ಮುಂದೆ ಹೋಗು’, ‘90 ಡಿಗ್ರಿ ಬಲಕ್ಕೆ ತಿರುಗು’ ಎಂದು ಮಗು ಆಜ್ಞೆ ಕೊಟ್ಟಂತೆ ಆಮೆ ಗೆರೆ ಎಳೆಯುತ್ತಾ ಸಾಗುತ್ತದೆ. ಈ ಎರಡು ಆಜ್ಞೆಗಳನ್ನು ನಾಲ್ಕು ಬಾರಿ ಕೊಟ್ಟರೆ ಚೌಕ ಸಿದ್ಧ.

ಈಗ ಸಮಬಾಹು ತ್ರಿಕೋನ ಬರೆಯಬೇಕು. ತ್ರಿಕೋನದ ಪ್ರತಿ ಕೋನ 60 ಡಿಗ್ರಿ ಎಂದು ಪಠ್ಯಪುಸ್ತಕದಲ್ಲಿ ಓದಿರುವ ಮಗು ಆಮೆಗೆ 60 ಡಿಗ್ರಿ ತಿರುಗು ಎನ್ನುತ್ತದೆ. ಮೂರು ಬಾರಿ ತಿರುಗಿದರೂ ಗೆರೆಗಳು ಕೂಡುವುದಿಲ್ಲ, ಅರ್ಧ ಷಡ್ಭುಜ ಮೂಡಿ ನಿಲ್ಲುತ್ತದೆ. ಎಲ್ಲಿ ತಪ್ಪಾಯಿತು? ಮಗು ಎದ್ದು ನಿಂತು ತಾನೇ ಆಮೆಯಾಗಿ ನೆಲದ ಮೇಲೆ ನಡೆದು ನೋಡಿದರೆ ಉತ್ತರ ಹೊಳೆಯುತ್ತದೆ. ತಿರುಗಬೇಕಾದದ್ದು ಒಳಕೋನದಷ್ಟಲ್ಲ, ಹೊರಕೋನದಷ್ಟು, ಅಂದರೆ 120 ಡಿಗ್ರಿ. ಮೂರು ಬಾರಿ 120 ಸೇರಿದರೆ 360, ಒಂದು ಪೂರ್ಣ ಸುತ್ತು.

ಗಣಕ ಇಲ್ಲಿ ಮಗುವಿಗೆ ಏನನ್ನೂ ಬೋಧಿಸಲಿಲ್ಲ. ತಪ್ಪನ್ನು ಬೈಯದೆ ಕಣ್ಣೆದುರು ತೋರಿಸಿತು ಅಷ್ಟೆ. ತಪ್ಪು ಮಾಡಿ, ಅದನ್ನು ಹುಡುಕಿ, ತಿದ್ದುವುದೇ ಕಲಿಕೆಯ ತಿರುಳು ಎಂದು ಪೇಪರ್ಟ್ 1980ರಲ್ಲಿ ಪ್ರಕಟಿಸಿದ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕದಲ್ಲಿ ವಾದಿಸಿದರು. ಕೆಂಪು ಶಾಯಿಯ ಗೆರೆ ಬೀಳುತ್ತದೆಂದು ತಪ್ಪಿಗೆ ಹೆದರುವ ಶಾಲೆಗಳಿಗೆ ಇದು ಅಂದು ಹೊಸ ಮಾತಾಗಿತ್ತು, ಹಲವೆಡೆ ಇಂದಿಗೂ ಹೊಸದೇ.

ಎತ್ತಿನ ಬಂಡಿಯಿಂದ ಜೂಂಬಿನಿವರೆಗೆ

1971ರ ಡಿಸೆಂಬರ್‌ನಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದ ಶಾಲೆಯೊಂದರ ಇತಿಹಾಸ ತರಗತಿಗೆ ಡಾನ್ ರಾವಿಟ್ಶ್ ಎಂಬ ಶಿಕ್ಷಕ ವಿದ್ಯಾರ್ಥಿ ಒಂದು ಆಟವನ್ನು ತಂದರು. ಗೆಳೆಯರಾದ ಬಿಲ್ ಹೈನೆಮನ್ ಮತ್ತು ಪಾಲ್ ಡಿಲೆನ್‌ಬರ್ಗರ್ ಜೊತೆ ರೂಪಿಸಿದ ಆ ಆಟದ ಹೆಸರು ‘ಆರೆಗಾನ್ ಟ್ರೇಲ್’. ಹತ್ತೊಂಬತ್ತನೇ ಶತಮಾನದಲ್ಲಿ ಪಶ್ಚಿಮಕ್ಕೆ ವಲಸೆ ಹೊರಟ ಕುಟುಂಬದ ಹಣವನ್ನು ಎತ್ತುಗಳಿಗೆಷ್ಟು, ಆಹಾರಕ್ಕೆಷ್ಟು, ಬಟ್ಟೆಗೆಷ್ಟು ಎಂದು ಮಕ್ಕಳೇ ಹಂಚಬೇಕಿತ್ತು. ಆಗ ಪರದೆಯೂ ಇರಲಿಲ್ಲ. ದೂರದ ಗಣಕಕ್ಕೆ ಜೋಡಿಸಿದ ಟೆಲಿಪ್ರಿಂಟರ್ ಕಾಗದದ ಮೇಲೆ ಉತ್ತರ ಅಚ್ಚಾಗುತ್ತಿತ್ತು. ಮಕ್ಕಳು ಗುಂಪಾಗಿ ನಿಂತು ಚರ್ಚಿಸಿ ತೀರ್ಮಾನಿಸುತ್ತಿದ್ದರು. ಮಿನ್ನೆಸೋಟ ರಾಜ್ಯ 1973ರಲ್ಲಿ ಸ್ಥಾಪಿಸಿದ ಶೈಕ್ಷಣಿಕ ಗಣಕ ಸಂಸ್ಥೆಯ ಮೂಲಕ ಈ ಆಟ ಮುಂದೆ ಸಹಸ್ರಾರು ಶಾಲೆಗಳನ್ನು ತಲುಪಿತು.

1982ರ ‘ರಾಕೀಸ್ ಬೂಟ್ಸ್’ ಆಟದಲ್ಲಿ ಮಕ್ಕಳು ‘ಮತ್ತು’, ‘ಅಥವಾ’, ‘ಅಲ್ಲ’ ಎಂಬ ತರ್ಕದ ದ್ವಾರಗಳನ್ನು ತಂತಿಯಿಂದ ಜೋಡಿಸಿ ಯಂತ್ರ ಕಟ್ಟುತ್ತಿದ್ದರು. 1985ರ ‘ಕಾರ್ಮೆನ್ ಸ್ಯಾಂಡಿಯಾಗೋ’ ಆಟದಲ್ಲಿ ಕಳ್ಳಿಯ ಬೆನ್ನುಹತ್ತಿ ದೇಶದೇಶ ಸುತ್ತಬೇಕಿತ್ತು. ಸುಳಿವು ಬಿಡಿಸಲೆಂದು ಆಟದ ಪೆಟ್ಟಿಗೆಯಲ್ಲೇ ಒಂದು ವಾರ್ಷಿಕ ಮಾಹಿತಿ ಗ್ರಂಥವನ್ನೂ ಇಟ್ಟು ಮಾರುತ್ತಿದ್ದರು. ಆಟ ಮಗುವನ್ನು ಪರದೆಯಿಂದ ಪುಸ್ತಕದತ್ತ ಕಳುಹಿಸುತ್ತಿತ್ತು.

ಒಗಟಿನ ಆಟಗಳ ಪೈಕಿ ಶಿಕ್ಷಣ ತಜ್ಞರು ಇಂದಿಗೂ ಉದಾಹರಿಸುವುದು 1996ರಲ್ಲಿ ಬಂದ ‘ಜೂಂಬಿನಿ’ಗಳನ್ನು. ಅಮೆರಿಕದ ಟರ್ಕ್ ಎಂಬ ಶಿಕ್ಷಣ ಸಂಶೋಧನಾ ಸಂಸ್ಥೆಯಲ್ಲಿ ಕ್ರಿಸ್ ಹ್ಯಾನ್‌ಕಾಕ್ ಮತ್ತು ಸ್ಕಾಟ್ ಆಸ್ಟರ್‌ವೈಲ್ ರೂಪಿಸಿದ ಆಟವಿದು. ಜೂಂಬಿನಿ ಎಂದರೆ ನೀಲಿ ಬಣ್ಣದ ಪುಟ್ಟ ಜೀವಿ. ಅದಕ್ಕೆ ಐದು ಬಗೆಯ ಕೂದಲು, ಐದು ಬಗೆಯ ಕಣ್ಣು, ಐದು ಬಣ್ಣದ ಮೂಗು, ಐದು ಬಗೆಯ ಕಾಲು. ಐದನ್ನು ನಾಲ್ಕು ಬಾರಿ ಗುಣಿಸಿದರೆ 625 ಬಗೆಯ ಜೂಂಬಿನಿಗಳು. ಹದಿನಾರರ ತಂಡಗಳಾಗಿ ಅವುಗಳನ್ನು 12 ಒಗಟುಗಳ ದಾರಿಯಲ್ಲಿ ಪಾರುಮಾಡಿಸಬೇಕು.

ಅದರಲ್ಲೊಂದು ಒಗಟಿನಲ್ಲಿ ದಾರಿಗಡ್ಡ ಕುಳಿತ ದೈತ್ಯನೊಬ್ಬ ಪಿಜ್ಜಾ ಕೇಳುತ್ತಾನೆ. ಮೇಲೆ ಏನೇನು ಹಾಕಬೇಕೆಂದು ಮಾತ್ರ ಹೇಳುವುದಿಲ್ಲ. ಇದನ್ನು ಬಂಗಾರಪೇಟೆಗೆ ತಂದು ನೋಡೋಣ. ತಿಳಿನೀರಿನ ಪಾನಿಪೂರಿಗೆ ಹೆಸರಾದ ಊರಿದು. ಅಂಗಡಿಗೆ ಬಂದ ಮೌನಿ ಗಿರಾಕಿಯೊಬ್ಬನಿಗೆ ಬಟಾಣಿ, ಈರುಳ್ಳಿ, ಕ್ಯಾರೆಟ್ ತುರಿ, ಖಾರದ ಚಟ್ನಿ ಈ ನಾಲ್ಕರಲ್ಲಿ ಕೆಲವು ಇಷ್ಟ, ಕೆಲವು ಬೇಡ. ಬೇಡದ್ದು ಒಂದಿದ್ದರೂ ತಟ್ಟೆಯನ್ನು ದೂಡುತ್ತಾನೆ. ಬೇಕಾದದ್ದೇ ಇದ್ದು ಸಾಲದಾದರೆ ‘ಇನ್ನೂ’ ಎಂದು ಸನ್ನೆ ಮಾಡುತ್ತಾನೆ. ಕನಿಷ್ಠ ಒಂದಾದರೂ ಬೇಕೆಂದರೆ ಸಾಧ್ಯವಿರುವ ಜೋಡಣೆಗಳು 15.

ಮನಬಂದಂತೆ ಬಡಿಸುತ್ತಾ ಹೋದರೆ ಹದಿನೈದು ತಟ್ಟೆಯೂ ಆದೀತು. ಜಾಣ ಅಂಗಡಿಯವನು ಒಂದು ಸಲಕ್ಕೆ ಒಂದೇ ಪದಾರ್ಥ ಹಾಕಿ ನೋಡುತ್ತಾನೆ. ನಾಲ್ಕು ತಟ್ಟೆಗಳಲ್ಲಿ ನಾಲ್ಕರ ಗುಟ್ಟೂ ಬಯಲಾಗಿ ಐದನೆಯದು ಸರಿಯಾದ ತಟ್ಟೆಯಾಗುತ್ತದೆ. ಒಂದು ಬಾರಿಗೆ ಒಂದನ್ನೇ ಬದಲಿಸಿ ಫಲ ನೋಡು ಎಂಬುದು ಪ್ರಯೋಗಶಾಲೆಯ ಮೊದಲ ಪಾಠ. ಬೇಡವೆಂದ ಉತ್ತರವೂ ಮಾಹಿತಿಯೇ ಎಂಬುದು ಎರಡನೆಯ ಪಾಠ. ಎಂಟು ವರ್ಷದ ಮಗು ಇವೆರಡನ್ನೂ ಆಟದಲ್ಲೇ ಕಂಡುಕೊಳ್ಳಬಲ್ಲದು. ಜೂಂಬಿನಿ ಆಟವನ್ನು 2015ರಲ್ಲಿ ಟ್ಯಾಬ್ಲೆಟ್‌ಗಳಿಗೂ ಹೊಂದುವಂತೆ ಮರುರೂಪಿಸಲಾಯಿತು.

ಕನ್ನಡಕ್ಕೆ ಬಂದ ಸಿ.ಡಿ.ಗಳು

ಇವೆಲ್ಲ ಇಂಗ್ಲಿಷ್ ಬಲ್ಲ, ಮನೆಯಲ್ಲಿ ಗಣಕವಿರುವ ಮಕ್ಕಳ ಆಟಗಳು. ಕರ್ನಾಟಕದ ಸರ್ಕಾರಿ ಶಾಲೆಗೆ ಅವು ನೇರವಾಗಿ ಹೊಂದುತ್ತಿರಲಿಲ್ಲ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಈ ಕೊರತೆ ತುಂಬಲು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ನೂರಕ್ಕೂ ಹೆಚ್ಚು ಶೀರ್ಷಿಕೆಗಳ ಸಿ.ಡಿ.ಗಳನ್ನು ಸಿದ್ಧಪಡಿಸಿತು. ಗಣಿತ, ವಿಜ್ಞಾನ, ಭಾಷೆಯ ಪಠ್ಯವನ್ನು ಕಥೆ ಮತ್ತು ಆಟಗಳಾಗಿ ಹೆಣೆದ ಈ ಸಿ.ಡಿ.ಗಳನ್ನು ಇತರ ರಾಜ್ಯಗಳೂ ಬಳಸಿಕೊಂಡವು. ಸರ್ವ ಶಿಕ್ಷಾ ಅಭಿಯಾನದಲ್ಲಿಯೂ ಗಣಕ ನೆರವಿನ ಕಲಿಕೆಗೆ ಪ್ರತ್ಯೇಕ ಅನುದಾನವಿತ್ತು.

ಆರಂಭದ ಉತ್ಸಾಹ ದೊಡ್ಡದು. ಶಾಲೆಗೆ ಬಾರದ ಮಕ್ಕಳನ್ನು ಗಣಕ ಸೆಳೆಯುತ್ತದೆ, ಬಂದ ಮಕ್ಕಳು ನಲಿದು ಕಲಿಯುತ್ತಾರೆ ಎಂಬ ನಿರೀಕ್ಷೆಯಿತ್ತು. ಆದರೆ ವರ್ಷಗಳು ಉರುಳಿದಂತೆ ವಾಸ್ತವ ತಿಳಿಯಿತು. ಶಿಕ್ಷಕರು ತೊಡಗಿಕೊಳ್ಳದೆ, ಶಾಲೆಯ ದಿನಚರಿ ಬದಲಾಗದೆ, ಗಣಕ ತಾನಾಗಿ ಕಲಿಕೆಯನ್ನು ಎತ್ತಿ ನಿಲ್ಲಿಸಲಾರದು ಎಂಬ ನಿಲುವಿಗೆ ಪ್ರತಿಷ್ಠಾನವೇ ಬಂತು. ಅದರ ಹಿರಿಯ ಅಧಿಕಾರಿ ಅನುರಾಗ್ ಬೆಹರ್ 2010ರ ಡಿಸೆಂಬರ್‌ನಲ್ಲಿ ಪತ್ರಿಕಾ ಅಂಕಣವೊಂದರಲ್ಲಿ ಈ ಮಿತಿಯನ್ನು ಬಹಿರಂಗವಾಗಿ ಬರೆದರು. ದೊಡ್ಡ ಯೋಜನೆ ನಡೆಸಿದ ಸಂಸ್ಥೆಯೊಂದು ತನ್ನ ಅನುಭವವನ್ನು ಹೀಗೆ ಮುಚ್ಚುಮರೆಯಿಲ್ಲದೆ ಹೇಳಿದ್ದು ಅಪರೂಪ.

ಒಂದು ಗಣಕ, ಐದು ಮಕ್ಕಳು

ತೊಡಕು ಎಲ್ಲಿತ್ತು? ಅದರ ಒಂದು ಎಳೆಯನ್ನು ಹಿಡಿದವರು ಬೆಂಗಳೂರಿನ ಸಂಶೋಧಕರು. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಪ್ರಯೋಗಾಲಯ 2005ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಅಲ್ಲಿನ ಉದಯ್ ಸಿಂಗ್ ಪವಾರ್, ಜೊಯೊಜೀತ್ ಪಾಲ್, ಕೆಂಟಾರೊ ಟೊಯಾಮ ಮೊದಲಾದವರು ಗ್ರಾಮೀಣ ಸರ್ಕಾರಿ ಶಾಲೆಗಳ ಗಣಕ ಕೊಠಡಿಗಳಲ್ಲಿ ಕುಳಿತು ಮಕ್ಕಳನ್ನು ಗಮನಿಸಿದರು. ಒಂದೊಂದು ಗಣಕದ ಮುಂದೆ ಹಲವು ಮಕ್ಕಳು, ಮೌಸ್ ಮಾತ್ರ ಒಂದೇ. ಅದು ಹೆಚ್ಚಿನ ಸಮಯ ಒಬ್ಬರ ಕೈಯಲ್ಲೇ ಉಳಿಯುತ್ತಿತ್ತು. ಗುಂಪಿನ ಗಟ್ಟಿಗ ಮಗು ಆಡುತ್ತದೆ, ಉಳಿದವು ನೋಡುತ್ತವೆ, ಕೆಲಹೊತ್ತಿನ ಬಳಿಕ ನೋಡುವುದನ್ನೂ ಬಿಡುತ್ತವೆ.

ಸಂಶೋಧಕರು ಒಂದು ಸರಳ ಉಪಾಯ ಮಾಡಿದರು. ಒಂದೇ ಗಣಕಕ್ಕೆ ಹಲವು ಮೌಸ್‌ಗಳನ್ನು ಜೋಡಿಸಿ ಪ್ರತಿ ಮಗುವಿಗೂ ಪರದೆಯ ಮೇಲೆ ತನ್ನದೇ ಬಣ್ಣದ ಬಾಣದ ಗುರುತು ಕೊಟ್ಟರು. ‘ಮಲ್ಟಿಪಾಯಿಂಟ್’ ಎಂದು ಹೆಸರಾದ ಈ ವ್ಯವಸ್ಥೆಯ ವಿವರಗಳು 2006ರಲ್ಲಿ ಪ್ರಕಟವಾದವು. ಎಲ್ಲ ಮಕ್ಕಳ ಕೈಗೂ ಮೌಸ್ ಬಂದೊಡನೆ ಎಲ್ಲರ ಕಣ್ಣೂ ಪರದೆಗೆ ಮರಳಿತು.

ಕುತೂಹಲದ ಸಂಗತಿ ಕಂಡುಬಂದದ್ದು ಮುಂದಿನ ಪ್ರಯೋಗದಲ್ಲಿ. 2007ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಮಕ್ಕಳಿಗೆ ಇಂಗ್ಲಿಷ್ ಪದಗಳನ್ನು ಕಲಿಸುವ ಆಟವನ್ನು ಎರಡು ಬಗೆಯಲ್ಲಿ ಆಡಿಸಲಾಯಿತು. ಒಂದರಲ್ಲಿ ಯಾರು ಮೊದಲು ಒತ್ತುತ್ತಾರೋ ಅವರದೇ ಉತ್ತರ, ಅಂದರೆ ಓಟದ ಪಂದ್ಯ. ಇನ್ನೊಂದರಲ್ಲಿ ಎಲ್ಲರೂ ಒಂದೇ ಉತ್ತರ ಒತ್ತುವವರೆಗೆ ಆಟ ಮುಂದೆ ಹೋಗದು, ಅಂದರೆ ಒಮ್ಮತದ ಆಟ. ಪಂದ್ಯದ ಬಗೆಯಲ್ಲಿ, ವಿಶೇಷವಾಗಿ ಹುಡುಗರೇ ಇದ್ದ ಗುಂಪುಗಳಲ್ಲಿ, ಒತ್ತುವ ಆತುರವೇ ಮೇಲುಗೈಯಾಗಿ ಕಲಿಕೆ ಹಿಂದೆ ಬಿತ್ತು. ಒಮ್ಮತದ ಬಗೆಯಲ್ಲಿ ಆಡಿದ ಮಕ್ಕಳು ಒಬ್ಬೊಬ್ಬರಿಗೆ ಒಂದೊಂದು ಗಣಕ ಕೊಟ್ಟಾಗ ಕಲಿಯುವಷ್ಟನ್ನೇ ಕಲಿತರು.

ಆಟದ ಪಾಠ ಹೀಗೆ ಯಂತ್ರದ ಜೊತೆಗೆ ನಿಯಮವನ್ನೂ ಅವಲಂಬಿಸಿದೆ. ಒತ್ತುವ ಮುನ್ನ ಪಕ್ಕದವನಿಗೆ ‘ಯಾಕೆ’ ಎಂದು ಹೇಳಲೇಬೇಕಾದಾಗ ಮಗು ಯೋಚಿಸುತ್ತದೆ.

ಅಂಕಿಗಳು ಹೇಳುವುದೇನು

ಇದೇ ಕಾಲಕ್ಕೆ ಗುಜರಾತಿನ ವಡೋದರಾ ನಗರಸಭೆಯ ಶಾಲೆಗಳಲ್ಲಿ ಪ್ರಥಮ್ ಸಂಸ್ಥೆ ನಡೆಸಿದ ಕಾರ್ಯಕ್ರಮವನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಶಾನ್ ಕೋಲ್ ಮತ್ತು ಲೀ ಲಿಂಡೆನ್ ಅಳೆದು ನೋಡಿದರು. ಬ್ಯಾನರ್ಜಿ ಮತ್ತು ಡುಫ್ಲೊ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಹಂಚಿಕೊಂಡವರು. ನಾಲ್ಕನೇ ತರಗತಿಯ ಮಕ್ಕಳು ವಾರಕ್ಕೆ ಎರಡು ಗಂಟೆ, ಇಬ್ಬರಿಗೊಂದು ಗಣಕದಂತೆ, ಗಣಿತದ ಆಟಗಳನ್ನಾಡಿದರು. ಎರಡನೇ ವರ್ಷದ ಹೊತ್ತಿಗೆ ಗಣಿತದ ಅಂಕಗಳಲ್ಲಿ 0.47 ಪ್ರಮಾಣಿತ ವಿಚಲನೆಯಷ್ಟು ಏರಿಕೆ ಕಂಡಿತು. ಸರಳವಾಗಿ ಹೇಳುವುದಾದರೆ ನೂರು ಮಕ್ಕಳ ಸಾಲಿನ ನಡುವೆ ನಿಂತ ಮಗು ಸುಮಾರು 18 ಮಕ್ಕಳನ್ನು ದಾಟಿ ಮುಂದೆ ಹೋದಂತೆ. ಇದು ಸಣ್ಣ ಲಾಭವಲ್ಲ. ಆದರೆ ಕಾರ್ಯಕ್ರಮ ನಿಂತ ಒಂದು ವರ್ಷದ ಬಳಿಕ ಅಳೆದಾಗ ಉಳಿದದ್ದು 0.10ರಷ್ಟು ಮಾತ್ರ. ಅಭ್ಯಾಸ ನಿಂತರೆ ಫಲವೂ ಕರಗುತ್ತದೆ.

ಲಿಂಡೆನ್ 2008ರಲ್ಲಿ ಪ್ರಕಟಿಸಿದ ಮತ್ತೊಂದು ಅಧ್ಯಯನ ಇನ್ನಷ್ಟು ಕಣ್ತೆರೆಸುವಂಥದು. ಗುಜರಾತಿನ ಜ್ಞಾನಶಾಲಾ ಸಂಸ್ಥೆಯ ತರಗತಿಗಳಲ್ಲಿ ಗಣಕದ ಆಟವನ್ನು ಶಿಕ್ಷಕರ ಪಾಠದ ಸಮಯ ಕಡಿಮೆ ಮಾಡಿ ಆಡಿಸಿದಾಗ ಮಕ್ಕಳ ಅಂಕಗಳು 0.57 ಪ್ರಮಾಣಿತ ವಿಚಲನೆಯಷ್ಟು ಕುಸಿದವು. ಪಾಠವನ್ನು ಮುಟ್ಟದೆ ಶಾಲೆಯ ಅವಧಿಯ ಹೊರಗೆ ಆಡಿಸಿದಾಗ 0.28ರಷ್ಟು ಏರಿದವು. ತಂತ್ರಾಂಶ ಒಂದೇ, ಸಂಸ್ಥೆಯೂ ಒಂದೇ. ಪಾಠದ ಜೊತೆಗೆ ಬಂದ ಆಟ ಫಲ ಕೊಟ್ಟಿತು, ಪಾಠದ ಜಾಗಕ್ಕೆ ಬಂದ ಆಟ ನಷ್ಟ ತಂದಿತು. ಶಿಕ್ಷಕರ ಕೊರತೆಯನ್ನು ಟ್ಯಾಬ್ಲೆಟ್‌ನಿಂದ ತುಂಬಬಹುದು ಎಂದು ಭಾವಿಸುವ ಆಡಳಿತಗಾರರು ಈ ಎರಡು ಅಂಕಿಗಳನ್ನು ನೆನಪಿನಲ್ಲಿಡುವುದು ಲೇಸು.

ಮುಕ್ತ ತಂತ್ರಾಂಶದ ದಾರಿ

ಸಿ.ಡಿ.ಗಳ ಕಾಲ ಮುಗಿದರೂ ಕನ್ನಡದ ಮಕ್ಕಳಿಗೆ ದಾರಿಗಳು ಮುಚ್ಚಿಲ್ಲ. ಫ್ರಾನ್ಸ್‌ನ ಬ್ರೂನೊ ಕೂಡೊಯಿನ್ 2000ನೇ ಇಸವಿಯಲ್ಲಿ ಆರಂಭಿಸಿದ ‘ಜಿಕಾಂಪ್ರಿ’ ಎಂಬ ಮುಕ್ತ ತಂತ್ರಾಂಶದಲ್ಲಿ ಎಳೆಯ ಮಕ್ಕಳಿಂದ ಹತ್ತು ವರ್ಷದವರವರೆಗೆ ನೂರಕ್ಕೂ ಹೆಚ್ಚು ಚಟುವಟಿಕೆಗಳಿವೆ. ಫ್ರೆಂಚ್‌ನಲ್ಲಿ ಆ ಹೆಸರನ್ನು ಉಚ್ಚರಿಸಿದರೆ ‘ನನಗೆ ಅರ್ಥವಾಯಿತು’ ಎಂಬ ಧ್ವನಿ ಬರುತ್ತದೆ. ತೂಕದ ತಕ್ಕಡಿ, ಬಣ್ಣದ ಸಂಕೇತ ಬಿಡಿಸುವುದು, ಹನೋಯ್ ಗೋಪುರದ ಒಗಟು, ಚದುರಂಗ ಎಲ್ಲವೂ ಅದರಲ್ಲಿವೆ. ಇದಕ್ಕೆ ಶುಲ್ಕವಿಲ್ಲ, ಜಾಹೀರಾತಿಲ್ಲ. ಒಮ್ಮೆ ಅಳವಡಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಲೆಕ್ಕಕ್ಕೆ ‘ಟಕ್ಸ್ ಮ್ಯಾಥ್’, ಚಿತ್ರಕ್ಕೆ ‘ಟಕ್ಸ್ ಪೇಂಟ್’ ಇದೇ ಸಾಲಿನವು.

ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ರಾಜ್ಯದ ಶಿಕ್ಷಣ ಇಲಾಖೆಯೊಂದಿಗೆ 2011ರಿಂದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರ ವಿಷಯವಾರು ವೇದಿಕೆಗಳನ್ನು ರೂಪಿಸಿ ಮುಕ್ತ ತಂತ್ರಾಂಶಗಳ ತರಬೇತಿ ನೀಡಿತು. 2013ರಲ್ಲಿ ಆರಂಭವಾದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ತಾಣಕ್ಕೆ ಶಿಕ್ಷಕರೇ ಕನ್ನಡದಲ್ಲಿ ಪಾಠ ಸಾಮಗ್ರಿ ಬರೆದರು. 2016–17ರಲ್ಲಿ ರಾಜ್ಯ ಸರ್ಕಾರದ ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮವೂ ಸೇರಿಕೊಂಡಿತು. ಸಿ.ಡಿ. ಕಾಲಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಅಂದು ಸಾಮಗ್ರಿ ಹೊರಗಿನಿಂದ ಶಾಲೆಗೆ ಬರುತ್ತಿತ್ತು. ಇಂದು ಶಿಕ್ಷಕರೇ ಅದನ್ನು ತಯಾರಿಸುವ, ತಿದ್ದುವ ಅವಕಾಶವಿದೆ.

ನೆರೆಯ ಕೇರಳ ಈ ದಾರಿಯಲ್ಲಿ ಮುಂದಿದೆ. 2001ರಲ್ಲಿ ಆರಂಭವಾದ ಅಲ್ಲಿನ ಐಟಿ@ಸ್ಕೂಲ್ ಯೋಜನೆ ಶಾಲೆಗಳಲ್ಲಿ ಮುಕ್ತ ತಂತ್ರಾಂಶವನ್ನೇ ನೆಲೆಗೊಳಿಸಿತು. ಪ್ರಾಥಮಿಕ ತರಗತಿಗಳ ಗಣಕ ಪಠ್ಯಪುಸ್ತಕಗಳಿಗೆ ‘ಕಳಿಪ್ಪೆಟ್ಟಿ’, ಅಂದರೆ ಆಟದ ಪೆಟ್ಟಿಗೆ, ಎಂದೇ ಹೆಸರಿಟ್ಟಿತು. ಗಡಿನಾಡು ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಓದುವುದು ಆ ರಾಜ್ಯದ ಪಠ್ಯಕ್ರಮವನ್ನೇ.

ಗಣಿಯೂರಿನ ಭಾಷೆಯ ಒಗಟು

ಕೆಜಿಎಫ್ ಮತ್ತು ಬಂಗಾರಪೇಟೆಗೆ ಈ ವಿಷಯ ಬೇರೆಲ್ಲ ಊರುಗಳಿಗಿಂತ ಹೆಚ್ಚು ಹತ್ತಿರದ್ದು. ಕಾರಣ ಭಾಷೆ. ಗಣಿ ಕೆಲಸಕ್ಕೆ ತಮಿಳುನಾಡು ಮತ್ತು ಆಂಧ್ರದ ಕಡೆಗಳಿಂದ ಬಂದು ನೆಲೆಸಿದ ಕುಟುಂಬಗಳ ಊರಿದು. ಮನೆಯಲ್ಲಿ ತಮಿಳು ಅಥವಾ ತೆಲುಗು, ಬೀದಿಯಲ್ಲಿ ಎಲ್ಲವೂ ಬೆರೆತ ಮಾತು, ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್. ರಾಬರ್ಟ್‌ಸನ್‌ಪೇಟೆಯ ಒಂದೇ ತರಗತಿಯ ಬೆಂಚಿನಲ್ಲಿ ಮೂರು ಮನೆಮಾತಿನ ಮಕ್ಕಳು ಒಟ್ಟಿಗೆ ಕೂರುವುದು ಇಲ್ಲಿ ಸಾಮಾನ್ಯ.

ಇಂಥ ತರಗತಿಯಲ್ಲಿ ಒಗಟಿನ ಆಟಕ್ಕೆ ಒಂದು ಅನುಕೂಲವಿದೆ. ಜೂಂಬಿನಿಯ ಮೂಗಿನ ಬಣ್ಣ ನೋಡಲು, ತಕ್ಕಡಿ ಸರಿದೂಗಿಸಲು, ಆಮೆಯನ್ನು ತಿರುಗಿಸಲು ಹೆಚ್ಚಿನ ಭಾಷೆ ಬೇಕಿಲ್ಲ. ಪಾಠದ ಭಾಷೆ ಇನ್ನೂ ಹಿಡಿತಕ್ಕೆ ಬಾರದ ಮಗು ಲೆಕ್ಕದಲ್ಲಿ ದಡ್ಡ ಎನಿಸಿಕೊಳ್ಳುವ ಅಪಾಯ ಸದಾ ಇರುತ್ತದೆ. ಆ ಮಗುವಿನ ತಲೆಯಲ್ಲಿ ತರ್ಕ ಸರಿಯಾಗಿಯೇ ಇದೆ, ಹೇಳಲು ಪದ ಮಾತ್ರ ಇಲ್ಲ ಎಂಬುದನ್ನು ಆಟ ಶಿಕ್ಷಕರಿಗೆ ತೋರಿಸಿಕೊಡಬಲ್ಲದು.

ಆದರೆ ಅಲ್ಲಿಗೇ ನಿಂತರೆ ಅರ್ಧ ಕೆಲಸವಷ್ಟೇ ಆಗುತ್ತದೆ. ಕಂಡುಕೊಂಡ ನಿಯಮವನ್ನು ಮಾತಿನಲ್ಲಿ ಹೇಳಿದಾಗ ಅದು ಮಗುವಿನ ಸ್ವಂತ ತಿಳಿವಳಿಕೆಯಾಗಿ ಉಳಿಯುತ್ತದೆ, ಮುಂದಿನ ಪಾಠಕ್ಕೂ ಪರೀಕ್ಷೆಗೂ ಒದಗುತ್ತದೆ. ‘ಮೊದಲು ಕೆಂಪು ಮೂಗಿನವನನ್ನೇ ಯಾಕೆ ಕಳುಹಿಸಿದೆ?’ ಎಂದು ಕೇಳುವ ಶಿಕ್ಷಕಿ, ತಮಿಳಿನಲ್ಲೋ ತೆಲುಗಿನಲ್ಲೋ ಬರುವ ಉತ್ತರವನ್ನು ಮೊದಲು ಕೇಳಿಸಿಕೊಂಡು ಬಳಿಕ ಕನ್ನಡದಲ್ಲೂ ಹೇಳಿಸುವ ಶಿಕ್ಷಕಿ ಇದ್ದರೆ ಒಂದೇ ಆಟ ಗಣಿತದ ಪಾಠವೂ ಭಾಷೆಯ ಪಾಠವೂ ಆಗುತ್ತದೆ. ಆ ಪ್ರಶ್ನೆಯನ್ನು ಯಾವ ತಂತ್ರಾಂಶವೂ ಅವರಷ್ಟು ಚೆನ್ನಾಗಿ ಕೇಳಲಾರದು.

ಪೋಷಕರು, ಶಿಕ್ಷಕರು ಗಮನಿಸಬಹುದಾದ ಅಂಶಗಳು

ಅನುಭವ ಮತ್ತು ಅಧ್ಯಯನಗಳೆರಡನ್ನೂ ಒಟ್ಟಿಗೆ ನೋಡಿದಾಗ ಕೆಲವು ಸರಳ ಸೂತ್ರಗಳು ಹೊರಡುತ್ತವೆ.

* ಆಟ ಆರಿಸುವಾಗ ಮಗು ತಪ್ಪಿದಾಗ ಏನಾಗುತ್ತದೆ ಎಂದು ನೋಡಬೇಕು. ತಪ್ಪಿನಿಂದ ಮುಂದಿನ ಪ್ರಯತ್ನಕ್ಕೆ ಸುಳಿವು ಸಿಗುವ ಆಟ ಉತ್ತಮ. ಕೇವಲ ‘ತಪ್ಪು’ ಎಂಬ ಸದ್ದು ಮಾಡಿ ಮುಂದೆ ಹೋಗುವ ಆಟದಿಂದ ಹೆಚ್ಚೇನೂ ಸಿಗದು.

* ಗಡಿಯಾರದೊಂದಿಗೆ ಓಡಿಸುವ ಆಟ ಮಗ್ಗಿಗೆ ಸರಿ. ಯೋಚನೆಗೆ ಸಮಯ ಕೊಡುವ ಆಟ ಬೇರೆಯೇ ಬೇಕು.

* ಇಬ್ಬರಿಗೊಂದು ಗಣಕ ಇರುವುದು ಕೊರತೆಯೇ ಆಗಬೇಕಿಲ್ಲ. ಇಬ್ಬರೂ ಒಪ್ಪಿದ ಮೇಲೆ ಒತ್ತಬೇಕು, ಪ್ರತಿ ಒಗಟಿಗೂ ಮೌಸ್ ಕೈ ಬದಲಾಗಬೇಕು ಎಂಬ ನಿಯಮ ಮಾಡಿದರೆ ಅದೇ ಅನುಕೂಲವಾಗುತ್ತದೆ. ಹೆಣ್ಣುಮಕ್ಕಳ ಕೈಗೂ ಹಿಂದಿನ ಬೆಂಚಿನವರ ಕೈಗೂ ಮೌಸ್ ಬಂತೇ ಎಂಬುದನ್ನು ಶಿಕ್ಷಕರು ವಿಶೇಷವಾಗಿ ಗಮನಿಸಬೇಕು.

* ಆಟ ಪಾಠದ ಸಮಯವನ್ನು ಕಬಳಿಸಬಾರದು. ವಾರಕ್ಕೆ ಒಂದೆರಡು ಗಂಟೆ, ನಿಯಮಿತವಾಗಿ, ಪಾಠಕ್ಕೆ ಪೂರಕವಾಗಿ ನಡೆದರೆ ಸಾಕು.

* ಆಟ ಮುಗಿದ ಮೇಲೆ ಐದು ನಿಮಿಷದ ಮಾತುಕತೆ ಇರಲಿ. ಹೇಗೆ ಗೊತ್ತಾಯಿತು, ಎಲ್ಲಿ ಎಡವಿದೆ, ಮತ್ತೊಬ್ಬರಿಗೆ ಹೇಗೆ ಹೇಳಿಕೊಡುವೆ ಎಂಬ ಮೂರು ಪ್ರಶ್ನೆ ಸಾಕು. ಇಂಗ್ಲಿಷ್ ಬಾರದ ತಾಯಿಯೂ ಇವನ್ನು ಕೇಳಬಲ್ಲಳು.

* ಗಣಕವೇ ಇಲ್ಲದ ಮನೆಯಲ್ಲಿ ಆಡು ಹುಲಿ ಆಟದ ಮಣೆಯೂ ಇದೇ ಕೆಲಸ ಮಾಡುತ್ತದೆ, ಹಿರಿಯರು ಪಕ್ಕದಲ್ಲಿ ಕುಳಿತು ‘ಈ ನಡೆ ಏಕೆ’ ಎಂದು ಕೇಳಿದರೆ.

ಕೋಲಾರದ ಗಣಿಗೆ ಶಿವನಸಮುದ್ರದ ವಿದ್ಯುತ್ 1902ರಲ್ಲೇ ಬಂದಿತ್ತು. ಬೆಂಗಳೂರಿನ ಬೀದಿದೀಪಗಳು ಅದನ್ನು ಕಂಡದ್ದು 1905ರಲ್ಲಿ. ರಾಜಧಾನಿಗಿಂತ ಮೊದಲು ಹೊಸ ತಂತ್ರಜ್ಞಾನ ಕಂಡ ಊರಿದು. ತಂತ್ರಜ್ಞಾನ ಊರಿಗೆ ಬರುವುದು ಬೇರೆ, ಊರಿನ ಮಕ್ಕಳಿಗೆ ದಕ್ಕುವುದು ಬೇರೆ ಎಂಬುದನ್ನೂ ಈ ಊರು ಚೆನ್ನಾಗಿ ಬಲ್ಲದು. ಬೆಳಗಿನ ರೈಲು ಹತ್ತುವವರ ಮಕ್ಕಳು ನಾಳೆ ಯಾವ ಕೆಲಸಕ್ಕೆ ಸಿದ್ಧರಾಗಬೇಕೆಂದು ಇಂದು ಖಚಿತವಾಗಿ ಹೇಳುವುದು ಕಷ್ಟ. ಎದುರಾದ ಹೊಸ ಒಗಟನ್ನು ಹೆದರದೆ ಬಿಡಿಸುವ ಅಭ್ಯಾಸವಿದ್ದರೆ ಅವರು ಯಾವ ಕೆಲಸಕ್ಕೂ ಒಗ್ಗಿಕೊಂಡಾರು. ಶಾಲೆಯ ಗಣಕ ಕೊಠಡಿಯ ಬೀಗ ವಾರಕ್ಕೆ ಎಷ್ಟು ಬಾರಿ ತೆರೆಯುತ್ತದೆ, ತೆರೆದಾಗ ಮೌಸ್ ಯಾರ ಕೈಯಲ್ಲಿರುತ್ತದೆ ಎಂದು ಪೋಷಕರು ಮುಂದಿನ ಸಭೆಯಲ್ಲಿ ಕೇಳಿದರೆ ಅದಕ್ಕೆ ನಾಂದಿಯಾದೀತು.